18 ಲಕ್ಷ ಸಂಬಳ, 24 ಲಕ್ಷದ ಈಸಾಪ್, ಜೊತೆಗೆ ಸೀನಿಯರ್ ಕಂಪನಿಗೆ 5 ಲಕ್ಷ: ಹೊಸಬರು ಏನೇನು ನೋಡಬೇಕು?

ದಾವಣಗೆರೆ_ಹುಡುಗ

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ದೊಡ್ಡ ಸರ್ವಿಸ್ ಕಂಪನಿಯಲ್ಲಿ ಮೂರು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ಈಗ ಎಚ್‌ಎಸ್‌ಆರ್ ಲೇಔಟ್‌ನ ಒಂದು ಸ್ಟಾರ್ಟಪ್‌ನಿಂದ ಆಫರ್ ಬಂದಿದೆ. ಲೆಟರ್‌ನಲ್ಲಿ ಸಿಟಿಸಿ (ವರ್ಷದ ಒಟ್ಟು ಪ್ಯಾಕೇಜ್) 24 ಲಕ್ಷ ಅಂತ ಇದೆ. ಅದರಲ್ಲಿ 18 ಲಕ್ಷ ಸಂಬಳ, ಉಳಿದ 6 ಲಕ್ಷ ಈಸಾಪ್, ಅಂದರೆ ಉದ್ಯೋಗಿಗಳಿಗೆ ಕೊಡೋ ಷೇರು ಆಪ್ಷನ್. ಒಟ್ಟು 4,000 ಆಪ್ಷನ್, ನಾಲ್ಕು ವರ್ಷದಲ್ಲಿ ಹಂತಹಂತವಾಗಿ ವೆಸ್ಟ್ ಆಗುತ್ತೆ (ನನ್ನ ಹಕ್ಕಾಗುತ್ತೆ), ಎಕ್ಸರ್‌ಸೈಸ್ ಬೆಲೆ (ಆಪ್ಷನ್ ಬಳಸಿ ಷೇರು ಕೊಳ್ಳೋ ಬೆಲೆ) 10 ರೂಪಾಯಿ. ಈಗಿನ ಬೆಲೆ ಷೇರಿಗೆ 600, ಹಾಗಾಗಿ ನಾಲ್ಕು ವರ್ಷಕ್ಕೆ 24 ಲಕ್ಷ ಆಗುತ್ತೆ ಅಂತ ಎಚ್‌ಆರ್ ಲೆಕ್ಕ ಕೊಟ್ಟರು.

ಇನ್ನೊಂದು ವಿಷಯವೂ ಇದೆ. ಕಾಲೇಜಿನ ಸೀನಿಯರ್ ಒಬ್ಬರು ತುಮಕೂರಿನಲ್ಲಿ ಟ್ರ್ಯಾಕ್ಟರ್, ಟಿಲ್ಲರ್ ಬಾಡಿಗೆಗೆ ಕೊಡಿಸೋ ಆ್ಯಪ್ ಶುರು ಮಾಡಿದ್ದಾರೆ. 5 ಲಕ್ಷ ಹಾಕು, 1% ಕೊಡ್ತೀನಿ ಅಂತಿದ್ದಾರೆ. ನನ್ನ ಉಳಿತಾಯ ಒಟ್ಟು 7 ಲಕ್ಷ. ಎಜುಕೇಶನ್ ಲೋನ್ ಇನ್ನೂ 2 ಲಕ್ಷ ಬಾಕಿ. ಅಪ್ಪ ಎರಡೂ ಬೇಡ, ಎಫ್‌ಡಿ ಇಡು ಅಂತಾರೆ. ಅನುಭವ ಇರೋರು ದಯವಿಟ್ಟು ತಿಳಿಸಿ.

ಮಲ್ನಾಡ್_ಕೋಡರ್

24 ಅನ್ನೋ ಅಂಕಿಯನ್ನ ಈಗಲೇ ತಲೆಯಿಂದ ತೆಗೀರಿ. ನಿಮಗೆ ಬಂದಿರೋದು 18 ಲಕ್ಷದ ಆಫರ್. ಈಗಿನ ಸಂಬಳ, ಬೇರೆ ಕಂಪನಿ ಕೊಡೋ ಸಂಬಳ, ಮನೆ ಬಾಡಿಗೆ, ಲೋನ್ ಕಂತು, ಎಲ್ಲವನ್ನೂ ಆ 18ಕ್ಕೇ ಹೋಲಿಸಿ ನೋಡಿ. 18ಕ್ಕೆ ಒಪ್ಪಿಗೆ ಆದರೆ ಮಾತ್ರ ಈಸಾಪ್ ಬಗ್ಗೆ ಮುಂದಿನ ಮಾತು.

ಕರಾವಳಿ_ಲೆಕ್ಕ

ಮಂಗಳೂರಿನಲ್ಲಿ ಸಿಎ ಪ್ರಾಕ್ಟೀಸ್ ಮಾಡ್ತೇನೆ. ಈಸಾಪ್ ಕೇಸುಗಳು ನನ್ನ ಬಳಿ ಬರೋದು ಸಾಮಾನ್ಯವಾಗಿ ಹುಡುಗರು ರಾಜೀನಾಮೆ ಕೊಟ್ಟ ಮೇಲೆ. ಅಷ್ಟು ಹೊತ್ತಿಗೆ ಮಾಡೋಕೆ ಹೆಚ್ಚೇನೂ ಉಳಿದಿರೋದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತೇನೆ.

ಆಪ್ಷನ್ ಅಂದರೆ ಷೇರಲ್ಲ, ಮುಂದೆ 10 ರೂಪಾಯಿಗೆ ಷೇರು ಕೊಳ್ಳೋ ಹಕ್ಕು. ಕಂಪನಿ ಕಾಯ್ದೆಯ ನಿಯಮದ ಪ್ರಕಾರ ಗ್ರ್ಯಾಂಟ್ ಆದ, ಅಂದರೆ ಕಂಪನಿ ಆಪ್ಷನ್ ಮಂಜೂರು ಮಾಡಿದ ದಿನದಿಂದ ಕನಿಷ್ಠ ಒಂದು ವರ್ಷ ಆಗದೆ ಏನೂ ವೆಸ್ಟ್ ಆಗೋದಿಲ್ಲ. ಹನ್ನೊಂದನೇ ತಿಂಗಳಲ್ಲಿ ಬಿಟ್ಟರೆ ಸೊನ್ನೆ. ಇನ್ನು ಗ್ರ್ಯಾಂಟ್ ದಿನಾಂಕ ಮತ್ತು ನೀವು ಸೇರಿದ ದಿನಾಂಕ ಒಂದೇ ಆಗಿರಬೇಕು ಅಂತೇನಿಲ್ಲ. ಮಂಡಳಿ ಸಭೆ ತಡವಾಯಿತು ಅಂತ ಆರು ತಿಂಗಳ ನಂತರ ಗ್ರ್ಯಾಂಟ್ ಲೆಟರ್ ಕೊಡೋ ಕಂಪನಿಗಳಿವೆ. ಆಫರ್ ಲೆಟರ್‌ನಲ್ಲಿ "4,000 ಆಪ್ಷನ್" ಅಂತ ಬರೆದಿದ್ದರೆ ಅದು ಭರವಸೆ ಅಷ್ಟೇ. ಗ್ರ್ಯಾಂಟ್ ಲೆಟರ್ ಕೈಗೆ ಬಂದಾಗಲೇ ಅದು ಹಕ್ಕು.

ಈಗ ತೆರಿಗೆ. ಎರಡು ವರ್ಷ ಆದ ಮೇಲೆ ನೀವು ಬಿಡ್ತೀರಿ ಅಂತಿಟ್ಟುಕೊಳ್ಳಿ. 2,000 ಆಪ್ಷನ್ ವೆಸ್ಟ್ ಆಗಿರ್ತವೆ. ಅನೇಕ ಕಂಪನಿಗಳಲ್ಲಿ ಬಿಟ್ಟ ಮೇಲೆ 90 ದಿನದ ಒಳಗೆ ಎಕ್ಸರ್‌ಸೈಸ್ ಮಾಡಬೇಕು, ಇಲ್ಲದಿದ್ದರೆ ರದ್ದು. ಎಕ್ಸರ್‌ಸೈಸ್ ಮಾಡೋಕೆ 20,000 ರೂಪಾಯಿ. ಅದು ಸಣ್ಣದು. ಆದರೆ 600ಕ್ಕೂ 10ಕ್ಕೂ ಇರೋ ವ್ಯತ್ಯಾಸ, ಷೇರಿಗೆ 590ರಂತೆ 11.8 ಲಕ್ಷ, ಆ ವರ್ಷದ ನಿಮ್ಮ ಸಂಬಳದ ಆದಾಯಕ್ಕೆ ಸೇರುತ್ತದೆ. ಹೊಸ ತೆರಿಗೆ ಪದ್ಧತಿಯ 2025-26ರ ಸ್ಲ್ಯಾಬ್ ಹಿಡಿದು, ಸಂಬಳ 18 ಲಕ್ಷವೇ ಇದೆ ಅಂದುಕೊಂಡರೆ, ಇದೊಂದಕ್ಕೇ ಹೆಚ್ಚುವರಿ ತೆರಿಗೆ ಸುಮಾರು 3.2 ಲಕ್ಷ. ಅಂದರೆ ಮಾರೋಕೆ ಎಲ್ಲಿಯೂ ಮಾರುಕಟ್ಟೆ ಇಲ್ಲದ ಕಾಗದಕ್ಕೆ ನೀವು ಬ್ಯಾಂಕಿನಿಂದ 3.4 ಲಕ್ಷ ನಗದು ತೆಗೀಬೇಕು. ನಾಳೆ ಕಂಪನಿ ಮುಳುಗಿದರೂ ಆ ತೆರಿಗೆ ವಾಪಸ್ ಬರೋದಿಲ್ಲ. ಆಗೋ ಬಂಡವಾಳ ನಷ್ಟವನ್ನ ಸಂಬಳದ ಆದಾಯದಲ್ಲಿ ಕಳೆಯೋಕೂ ಆಗೋದಿಲ್ಲ.

2020ರ ಬಜೆಟ್‌ನಲ್ಲಿ ಸ್ಟಾರ್ಟಪ್ ಉದ್ಯೋಗಿಗಳಿಗೆ ಈ ತೆರಿಗೆ ಮುಂದೂಡೋ ಅವಕಾಶ ಕೊಟ್ಟರಲ್ಲ ಅಂತ ಯಾರಾದರೂ ಹೇಳಬಹುದು. ಹೌದು, ಆದರೆ ಅದು ಸ್ಟಾರ್ಟಪ್ ಅಂತ ಕೇಂದ್ರ ಸರ್ಕಾರದ ಡಿಪಿಐಐಟಿ ಇಲಾಖೆಯ ಮಾನ್ಯತೆ ಇರೋ ಎಲ್ಲರಿಗೂ ಅಲ್ಲ. ತೆರಿಗೆ ವಿನಾಯಿತಿಯ ಪ್ರತ್ಯೇಕ ಪ್ರಮಾಣಪತ್ರ ಪಡೆದ ಕಂಪನಿಗಳಿಗೆ ಮಾತ್ರ. ಅದರಲ್ಲೂ ಕೆಲಸ ಬಿಟ್ಟ ಕೂಡಲೇ ಮುಂದೂಡಿಕೆ ಮುಗೀತು, ತೆರಿಗೆ ಕಟ್ಟಲೇಬೇಕು. ಯಾರಿಗೆ ಹೆಚ್ಚು ಬೇಕೋ ಅವರಿಗೇ ಸಿಗದ ಸೌಲಭ್ಯ ಇದು. ನನಗೆ ಈ ಬಗ್ಗೆ ಬೇಸರ ಇದೆ.

ದಾವಣಗೆರೆ_ಹುಡುಗ

ಸರ್, ತುಂಬಾ ಧನ್ಯವಾದ. 90 ದಿನದ ವಿಷಯ ಎಚ್‌ಆರ್ ಹೇಳಲೇ ಇಲ್ಲ. 4,000 ಆಪ್ಷನ್ ಅಂದರೆ ಎಷ್ಟು ಪರ್ಸೆಂಟ್ ಅಂತ ಕೇಳಿದ್ದಕ್ಕೆ "ಅದು ಕಾನ್ಫಿಡೆನ್ಶಿಯಲ್" ಅಂದರು. ಇದು ಸಾಮಾನ್ಯವಾ?

ಜಯನಗರ_4ನೇ_ಬ್ಲಾಕ್

ಸಾಮಾನ್ಯ ಹೌದು, ಸರಿ ಅಲ್ಲ. ನಾನು ಸ್ಟಾರ್ಟಪ್‌ಗಳಲ್ಲೇ ಎಚ್‌ಆರ್ ಕೆಲಸ ಮಾಡ್ತಾ ಬಂದವಳು, ಮೇಜಿನ ಆ ಕಡೆಯಿಂದ ಹೇಳ್ತೀನಿ. ಒಟ್ಟು ಷೇರು ಎಷ್ಟು ಅಂತ ಹೇಳದೆ ಆಪ್ಷನ್ ಸಂಖ್ಯೆ ಮಾತ್ರ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ. ಕೇಳೋ ರೀತಿ ಹೀಗಿರಲಿ: "ಫುಲ್ಲಿ ಡೈಲ್ಯೂಟೆಡ್ ಲೆಕ್ಕದಲ್ಲಿ ಒಟ್ಟು ಷೇರು ಎಷ್ಟು?" ಅಂದರೆ ಎಲ್ಲ ಆಪ್ಷನ್‌ಗಳೂ ಷೇರಾದರೆ ಒಟ್ಟು ಎಷ್ಟು ಅಂತ. ಈ ಪದ ಬಳಸಿದರೆ ಗೊತ್ತಿದ್ದೇ ಕೇಳ್ತಿದ್ದಾರೆ ಅಂತ ಅವರಿಗೆ ಅರ್ಥ ಆಗುತ್ತೆ, ಪ್ರಶ್ನೆ ಫೈನಾನ್ಸ್ ಟೀಮಿಗೆ ಹೋಗುತ್ತೆ.

ಉದಾಹರಣೆಗೆ ಒಟ್ಟು 50 ಲಕ್ಷ ಷೇರು ಅಂತಿಟ್ಟುಕೊಳ್ಳಿ. ನಿಮ್ಮದು 0.08%. ಷೇರಿಗೆ 600 ಅಂದರೆ ಕಂಪನಿಯ ಬೆಲೆ 300 ಕೋಟಿ ಅಂತಾಯ್ತು. ಈಗ ಹೂಡಿಕೆದಾರರು 120 ಕೋಟಿ ಹಾಕಿ 40% ಇಟ್ಟುಕೊಂಡಿದ್ದಾರೆ, ಕಂಪನಿ ಕೊನೆಗೆ 150 ಕೋಟಿಗೆ ಮಾರಾಟ ಆಯ್ತು ಅನ್ನಿ. 600 ಇದ್ದದ್ದು ಅರ್ಧ ಆಗಿ 300 ಸಿಗುತ್ತೆ ಅಂತ ಹುಡುಗರು ಅಂದುಕೊಳ್ತಾರೆ. ಹಾಗಾಗಲ್ಲ. ಹೂಡಿಕೆದಾರರ ಹತ್ತಿರ ಇರೋದು ಪ್ರಿಫರೆನ್ಸ್ ಷೇರು. ತಾವು ಹಾಕಿದ ಹಣ ಮೊದಲು ತಮಗೆ ಬರಬೇಕು ಅನ್ನೋ ಷರತ್ತು ಅದರಲ್ಲಿ ಇರುತ್ತೆ. ಅವರು 120 ಕೋಟಿ ತೆಗೆದುಕೊಂಡ ಮೇಲೆ ಉಳಿಯೋದು 30 ಕೋಟಿ. ಅದನ್ನ ಫೌಂಡರ್‌ಗಳು, ಉದ್ಯೋಗಿಗಳು ಸೇರಿ ಉಳಿದ 30 ಲಕ್ಷ ಷೇರಿಗೆ ಹಂಚಬೇಕು. ಷೇರಿಗೆ 100 ರೂಪಾಯಿ. ನಾಲ್ಕು ವರ್ಷ ಪೂರ್ತಿ ಇದ್ದರೂ ನಿಮ್ಮ "24 ಲಕ್ಷ" ತೆರಿಗೆಗೆ ಮೊದಲು 3.6 ಲಕ್ಷ.

ಕೇಳಬೇಕಾದ ಇನ್ನೂ ಕೆಲವು ಇವೆ. ಬಿಟ್ಟ ಮೇಲೆ ಎಕ್ಸರ್‌ಸೈಸ್‌ಗೆ ಎಷ್ಟು ಕಾಲ? ಕೆಲವು ಕಂಪನಿಗಳು ಈಗ ವರ್ಷಗಟ್ಟಲೆ ಕೊಡ್ತಿವೆ, ಅದು ಚಿನ್ನದಂಥ ಷರತ್ತು. ತೆಗೆದು ಹಾಕಿದರೆ ವೆಸ್ಟ್ ಆದದ್ದೂ ಹೋಗುತ್ತಾ? ಈ ಹಿಂದೆ ಬೈಬ್ಯಾಕ್ ಮಾಡಿದ್ದಾರಾ (ಕಂಪನಿಯೇ ಹಣ ಕೊಟ್ಟು ವಾಪಸ್ ಕೊಂಡಿದೆಯಾ), ಮಾಡಿದ್ದರೆ ಬಿಟ್ಟುಹೋದವರಿಗೂ ಸಿಕ್ಕಿತ್ತಾ? ಕೈಲಿ ಎಷ್ಟು ತಿಂಗಳ ಹಣ ಇದೆ? ಕೊನೆಯ ಪ್ರಶ್ನೆಯನ್ನ ಎಚ್‌ಆರ್‌ಗೆ ಕೇಳಬೇಡಿ, ಫೌಂಡರ್ ಜೊತೆಗಿನ ಕೊನೆಯ ರೌಂಡ್‌ನಲ್ಲಿ ನೇರವಾಗಿ ಕೇಳಿ. "ಹದಿನೆಂಟು ತಿಂಗಳು ಇದೆ" ಅಂತ ಒಂದೇ ಉಸಿರಿಗೆ ಹೇಳೋ ಫೌಂಡರ್ ಲೆಕ್ಕ ಇಟ್ಟಿದ್ದಾರೆ ಅಂತ ಅರ್ಥ. ಮಾತು ಸುತ್ತಿಸಿದರೆ ಅದೂ ಒಂದು ಉತ್ತರವೇ.

ಇನ್ನೊಂದು. ನಿಮ್ಮನ್ನ ಕನ್ಸಲ್ಟಂಟ್ ಅಂತ ತಗೊಂಡು ಈಸಾಪ್ ಕೊಡ್ತೀವಿ ಅಂದರೆ ನಂಬಬೇಡಿ. ಕಂಪನಿ ಕಾಯ್ದೆಯಲ್ಲಿ ಈಸಾಪ್ ಇರೋದು ಉದ್ಯೋಗಿಗಳಿಗೆ.

ಸತ್ಯವಾನ್_ಬೆಂಗಳೂರು

ಇಷ್ಟೆಲ್ಲ ಯಾಕೆ, ಹೋಗಲೇಬೇಡಿ ಅಂತ ನನ್ನ ಅಭಿಪ್ರಾಯ. ಬೈಜೂಸ್ ನಮ್ಮ ಕಣ್ಣೆದುರಿಗೇ ಇದೆ. 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆ, 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯಲ್ಲಿ (ಎನ್‌ಸಿಎಲ್‌ಟಿ) ದಿವಾಳಿ ಪ್ರಕ್ರಿಯೆ ಶುರು. ದೊಡ್ಡ ದೊಡ್ಡ ವಿದೇಶಿ ಫಂಡ್‌ಗಳೇ ತಮ್ಮ ಹೂಡಿಕೆಯನ್ನ ಸೊನ್ನೆ ಅಂತ ಬರೆದುಕೊಂಡವು. ಅದೇ ತಿಂಗಳು ಕನ್ನಡದಲ್ಲೂ ಬರೆಯೋಕೆ ಅವಕಾಶ ಕೊಟ್ಟಿದ್ದ, ಟ್ವಿಟರ್ ಥರದ "ಕೂ" ಆ್ಯಪ್ ಬಾಗಿಲು ಹಾಕಿತು. ಮಧ್ಯಮ ವರ್ಗದ ಹುಡುಗರಿಗೆ ಈ ಜೂಜು ಬೇಕಾ?

ಮಲ್ನಾಡ್_ಕೋಡರ್

ಸತ್ಯವಾನ್ ಅವರೇ, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಆದರೆ ಕೆಲಸಕ್ಕೆ ಸೇರೋದೂ ಹಣ ಹಾಕೋದೂ ಒಂದೇ ತಕ್ಕಡಿಯಲ್ಲಿ ತೂಗೋ ವಿಷಯಗಳಲ್ಲ. ಹಣ ಹಾಕಿದ ಕಂಪನಿ ಮುಳುಗಿದರೆ ಹಣ ಹೋಯ್ತು. ಕೆಲಸ ಮಾಡಿದ ಕಂಪನಿ ಮುಳುಗಿದರೆ ಸಂಬಳ ಬಂದಿರುತ್ತೆ, ಕಲಿತದ್ದು ಉಳಿದಿರುತ್ತೆ. ಫ್ಲಿಪ್‌ಕಾರ್ಟ್ 2007ರಲ್ಲಿ ಇಲ್ಲೇ ಕೋರಮಂಗಲದಲ್ಲಿ ಶುರುವಾದದ್ದು. ಅಲ್ಲಿ ಮೊದಮೊದಲು ಕೆಲಸ ಮಾಡಿದವರಲ್ಲಿ ಎಷ್ಟೋ ಜನ ಆಮೇಲೆ ಸ್ವಂತ ಕಂಪನಿ ಕಟ್ಟಿದರು, ಫೋನ್‌ಪೇ ಅಂಥದ್ದೇ ಒಂದು. 2018ರಲ್ಲಿ ವಾಲ್‌ಮಾರ್ಟ್ 16 ಬಿಲಿಯನ್ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ 77% ಕೊಂಡಾಗ ಈಸಾಪ್ ಇದ್ದವರಿಗೆ ಹಣ ಬಂತು ನಿಜ. ಹಣ ಬರದಿದ್ದರೂ ಅವರು ಮುಂದೆ ಬರ್ತಿದ್ದರು ಅಂತ ನನ್ನ ನಂಬಿಕೆ, ಯಾಕಂದರೆ ಸಿಸ್ಟಂ ಹತ್ತು ಪಟ್ಟು ಬೆಳೆಯುವಾಗ ಎಲ್ಲಿ ಮುರಿಯುತ್ತೆ ಅನ್ನೋದನ್ನ ಅವರು ಕೈಯಾರೆ ನೋಡಿದ್ದರು.

ದಾವಣಗೆರೆ ತಮ್ಮ, ಹಾಗಾಗಿ ನಿಮಗೆ ನನ್ನ ಪ್ರಶ್ನೆ ಬೇರೆ. ಅಲ್ಲಿ ನಿಮ್ಮ ಕೆಲಸವನ್ನ ಯಾರು ರಿವ್ಯೂ ಮಾಡ್ತಾರೆ? ನಿಮಗಿಂತ ಎಂಟು ಹತ್ತು ವರ್ಷ ಹೆಚ್ಚು ಅನುಭವ ಇರೋರು ಟೀಮ್‌ನಲ್ಲಿ ಒಬ್ಬರಾದರೂ ಇದ್ದಾರಾ? ನೀವು ಬರೆದ ಕೋಡ್ ಗ್ರಾಹಕರ ಕೈಗೆ ಹೋಗೋಕೆ ಎಷ್ಟು ದಿನ? ಎಲ್ಲರೂ ನಿಮ್ಮಷ್ಟೇ ವಯಸ್ಸಿನವರಾಗಿ, ಎಲ್ಲರೂ ರಾತ್ರಿ ಹನ್ನೊಂದರವರೆಗೆ ಕೂತು ಪ್ಯಾಚ್ ಹಾಕೋದೇ ಆದರೆ ಎರಡು ವರ್ಷದಲ್ಲಿ ನಿಮ್ಮ ಸಂಬಳ ಬೆಳೆದರೂ ಕೈ ಬೆಳೆಯೋದಿಲ್ಲ. ಸೇರೋ ಮೊದಲು ಆ ಟೀಮ್ ಬಿಟ್ಟುಹೋದವರೊಬ್ಬರನ್ನ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮಾತಾಡಿ. ನಮ್ಮ ಜನ ಹೆಣ್ಣು ಗಂಡು ನೋಡೋವಾಗ ಮೂರೂರು ವಿಚಾರಿಸ್ತಾರೆ, ಕೆಲಸಕ್ಕೆ ಮಾತ್ರ ಯಾರನ್ನೂ ಕೇಳೋದಿಲ್ಲ.

ಸೇರಿದ ಮೇಲೆ ಪ್ರತಿ ತಿಂಗಳು ಪಿಎಫ್ ಪಾಸ್‌ಬುಕ್ ನೋಡಿ. ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಹಾಗೇ ಟಿಡಿಎಸ್ ಜಮಾ ಆಗಿದೆಯಾ ಅಂತ ಆದಾಯ ತೆರಿಗೆ ಪೋರ್ಟಲ್‌ನ 26ಎಎಸ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡಿ. ಹಣ ಮುಗೀತಾ ಬಂದ ಕಂಪನಿ ಮೊದಲು ಕೈಬಿಡೋದು ಇವೆರಡನ್ನೇ, ಸಂಬಳ ನಿಲ್ಲೋದು ಆಮೇಲೆ. ನಾನು ಮೊದಲು ಇದ್ದ ಒಂದು ಕಂಪನಿಯಲ್ಲಿ ಪಾಸ್‌ಬುಕ್ ನೋಡಿದವರು ಮುಂಚೆಯೇ ಬೇರೆ ಕೆಲಸ ಹುಡುಕಿಕೊಂಡರು, ಉಳಿದವರು ಎರಡು ತಿಂಗಳ ಸಂಬಳಕ್ಕೆ ಇನ್ನೂ ಅಲೀತಿದ್ದಾರೆ.

ಹುಬ್ಬಳ್ಳಿ_ವರ್ಕ್‌ಶಾಪ್

ನೋಡ್ ತಮ್ಮಾ, ಎಲ್ಲಾರೂ ಈಸಾಪ್ ಬಗ್ಗೆನ ಹೇಳಾಕತ್ತಾರ. ನನಗ ಆ 5 ಲಕ್ಷದ್ದು ಚಿಂತಿ ಆತು. ಹುಬ್ಬಳ್ಳಿ ದೇಶಪಾಂಡೆ ಸ್ಟಾರ್ಟಪ್ಸ್‌ನ್ಯಾಗ ಬರೋ ಹುಡುಗರನ್ನ ನೋಡೇನಿ, ಒಳ್ಳೇ ಹುಡುಗರು, ಕಷ್ಟಪಟ್ಟು ಕಟ್ತಾರ. ಸೀನಿಯರ್ ಒಳ್ಳೇವರ ಇರಬಹುದು. ಆದ್ರ ಒಳ್ಳೇವರಾದ್ರೂ ಕಾಗದ ಸರಿ ಇರಬೇಕು.

ಮೊದಲು ಕೇಳು: ಅದು ಪ್ರೈವೇಟ್ ಲಿಮಿಟೆಡ್ ಐತೋ, ಎಲ್‌ಎಲ್‌ಪಿ ಐತೋ, ಬರೇ ಜಿಎಸ್‌ಟಿ ನಂಬರ್ ಐತೋ? ಎಲ್‌ಎಲ್‌ಪಿಯೊಳಗ ಷೇರು ಅನ್ನೂದ ಇಲ್ಲ. ಪ್ರೈವೇಟ್ ಲಿಮಿಟೆಡ್ ಇದ್ರ ಅವರು ನಿನಗ ಹೆಸರು ಹಾಕಿ ಆಫರ್ ಪತ್ರ ಕೊಡಬೇಕು, ರೊಕ್ಕ ಕಂಪನಿ ತೆಗೆದ ಬ್ಯಾರೆ ಬ್ಯಾಂಕ್ ಖಾತೆಗೆ ಹೋಗಬೇಕು. ಸೀನಿಯರ್‌ನ ಸ್ವಂತ ಗೂಗಲ್‌ಪೇಗೆ ಹಾಕು ಅಂದ್ರ ಅಲ್ಲೇ ಕೈ ಮುಗಿ. ನಗದು ಅಂತೂ ಬ್ಯಾಡ. ರೊಕ್ಕ ಬಂದ 60 ದಿನದೊಳಗ ಷೇರು ಹಂಚಬೇಕು, ಇಲ್ಲಾಂದ್ರ 15 ದಿನದಾಗ ವಾಪಸ್ ಕೊಡಬೇಕು. ಅದೂ ತಪ್ಪಿದ್ರ 12% ಬಡ್ಡಿ. ಇದು ಕಂಪನಿ ಕಾಯ್ದೆ 42ನೇ ಸೆಕ್ಷನ್‌ನ್ಯಾಗ ಬರದಿದ್ದು.

ಇನ್ನ 7 ಲಕ್ಷದಾಗ 5 ಲಕ್ಷ ಒಂದ ಕಂಪನಿಗೆ ಹಾಕೂದು ನನಗ ಸರಿ ಕಾಣಂಗಿಲ್ಲ. ಸೀನಿಯರ್‌ಗೆ ಸಹಾಯ ಮಾಡಬೇಕಂದ್ರ ಶನಿವಾರ ಐತವಾರ ಕುಂತು ಆ್ಯಪ್‌ದ ಕೆಲಸ ಮಾಡಿಕೊಡು. ಟ್ರ್ಯಾಕ್ಟರ್ ಬಾಡಿಗಿ ಸೀಸನ್ ಧಂದೆ, ಬಿತ್ತನಿ ಮುಂದ, ಸುಗ್ಗಿ ಮುಂದ ನೋಡು ಎಷ್ಟು ಬುಕಿಂಗ್ ಬರ್ತಾವ ಅಂತ. ಒಂದು ಮುಂಗಾರು, ಒಂದು ಹಿಂಗಾರು ನೋಡಿದ ಮ್ಯಾಲ ರೊಕ್ಕದ ಮಾತು.

ಕರಾವಳಿ_ಲೆಕ್ಕ

ಹುಬ್ಬಳ್ಳಿಯವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಅದಕ್ಕೆ ಸೇರಿಸ್ತೇನೆ. "ಈಗ ಸಾಲ ಅಂತ ಕೊಡು, ಆಮೇಲೆ ಷೇರು ಮಾಡೋಣ" ಅಂದರೆ ಬೇಡ. ನಿರ್ದೇಶಕರೂ ಅಲ್ಲದ, ಸಂಬಂಧಿಯೂ ಅಲ್ಲದ, ಷೇರುದಾರರೂ ಅಲ್ಲದ ವ್ಯಕ್ತಿಯಿಂದ ಪ್ರೈವೇಟ್ ಕಂಪನಿ ಸಾಲ ತೆಗೆದುಕೊಂಡರೆ ಅದು ಡೆಪಾಸಿಟ್ ನಿಯಮದಡಿ ಬರುತ್ತದೆ, ಹಾಗೆ ಪಡೆಯೋಕೆ ಅವಕಾಶ ಇಲ್ಲ. ಸ್ಟಾರ್ಟಪ್‌ಗಳಿಗೆ ಕನ್ವರ್ಟಿಬಲ್ ನೋಟ್ (ಆಮೇಲೆ ಷೇರಾಗಬಲ್ಲ ಸಾಲಪತ್ರ) ಅಂತ ವಿನಾಯಿತಿ ಇದೆ, ಆದರೆ ಅದಕ್ಕೆ ಒಬ್ಬರಿಂದ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಬೇಕು.

1% ಲೆಕ್ಕವನ್ನೂ ನೋಡಿ. 5 ಲಕ್ಷಕ್ಕೆ 1% ಅಂದರೆ ಕಂಪನಿ ಬೆಲೆ 5 ಕೋಟಿ. ಮುಂದೆ ಮೂರು ಸಲ ಹಣ ಎತ್ತಿ, ಪ್ರತಿ ಸಲ 20% ಹೊಸಬರಿಗೆ ಹೋದರೆ ನಿಮ್ಮದು 0.51%ಕ್ಕೆ ಇಳಿಯುತ್ತದೆ. ನಿಮ್ಮ ಹಣ ಹತ್ತು ಪಟ್ಟು ಆಗಬೇಕಾದರೆ ಆ ಕಂಪನಿ ಸುಮಾರು 98 ಕೋಟಿಗೆ ಮಾರಾಟ ಆಗಬೇಕು, ಅದೂ ಮೇಲೆ ಮೇಡಂ ಹೇಳಿದ ಪ್ರಿಫರೆನ್ಸ್ ಷರತ್ತು ನಿಮ್ಮ ಮೇಲೆ ಬೀಳದಿದ್ದರೆ. ಇದೇ 5 ಲಕ್ಷ 7% ಎಫ್‌ಡಿಯಲ್ಲಿ ಎಂಟು ವರ್ಷಕ್ಕೆ ತೆರಿಗೆಗೆ ಮೊದಲು ಸುಮಾರು 8.6 ಲಕ್ಷ. ನಿಮ್ಮ ತಂದೆಯವರ ಮಾತು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ.

ಹಾಸನ_ಹೊಸಬಳು

ನನಗೂ ಇದೇ ಆಸಕ್ತಿ. ಒಂದೇ ಕಂಪನಿಗೆ ಬದಲು ಹತ್ತು ಸ್ಟಾರ್ಟಪ್‌ಗೆ 50 ಸಾವಿರದಂತೆ ಹಾಕೋಕೆ ಆಗುತ್ತಾ? ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪ್ರೀ ಐಪಿಒ (ಷೇರುಪೇಟೆಗೆ ಬರೋ ಮುಂಚಿನ) ಷೇರು ಅಂತ ಬರ್ತಾ ಇರುತ್ತೆ.

ಕರಾವಳಿ_ಲೆಕ್ಕ

ಹಂಚಿ ಹಾಕಬೇಕು ಅನ್ನೋ ಯೋಚನೆ ಸರಿ ಇದೆ, ದಾರಿ ಕಿರಿದು. ಹಲವರ ಹಣ ಸೇರಿಸಿ ಸ್ಟಾರ್ಟಪ್‌ಗಳಿಗೆ ಹಾಕೋ ಏಂಜೆಲ್ ಫಂಡ್ ನಿಯಮಗಳನ್ನ ಷೇರುಪೇಟೆ ನಿಯಂತ್ರಕ ಸೆಬಿ 2025ರಲ್ಲಿ ಬದಲಿಸಿತು. ಹೊಸದಾಗಿ ಸೇರೋರು ಅಕ್ರೆಡಿಟೆಡ್ ಹೂಡಿಕೆದಾರರೇ ಆಗಿರಬೇಕು. ಅದಕ್ಕೆ ವರ್ಷಕ್ಕೆ 2 ಕೋಟಿ ಆದಾಯ ಅಥವಾ 7.5 ಕೋಟಿ ಆಸ್ತಿ ಬೇಕು, ಆಸ್ತಿಯಲ್ಲಿ ಅರ್ಧ ಹಣಕಾಸಿನ ರೂಪದಲ್ಲಿರಬೇಕು. ಆದಾಯ, ಆಸ್ತಿ ಎರಡೂ ಸೇರಿಸಿ ನೋಡೋ ಇನ್ನೊಂದು ಮಾನದಂಡವೂ ಇದೆ, ಅದೂ ಕೋಟಿಗಳಲ್ಲೇ. ಇಂಥ ಬೇರೆ ಖಾಸಗಿ ಹೂಡಿಕೆ ಫಂಡ್‌ಗಳಿಗೆ (ಎಐಎಫ್) ಸಾಮಾನ್ಯವಾಗಿ ಕನಿಷ್ಠ 1 ಕೋಟಿ. ಸಂಬಳದವರು ಹಣ ಕಳೆದುಕೊಳ್ಳಬಾರದು ಅಂತಲೇ ಇಷ್ಟು ಎತ್ತರದ ಗೋಡೆ.

ಆ ಗೋಡೆಯ ಸಂದಿಯಲ್ಲಿ ಹಣ ಎತ್ತೋ ಆನ್‌ಲೈನ್ ವೇದಿಕೆಗಳ ಬಗ್ಗೆ ಸೆಬಿ 2016ರಲ್ಲೇ ಎಚ್ಚರಿಕೆ ಕೊಟ್ಟಿತ್ತು, ಪಟ್ಟಿಯಾಗದ ಷೇರು ವ್ಯಾಪಾರದ ವೇದಿಕೆಗಳ ಬಗ್ಗೆ 2024ರ ಡಿಸೆಂಬರ್‌ನಲ್ಲಿ ಮತ್ತೆ ಕೊಟ್ಟಿತು. ಗುರುತಿಲ್ಲದವರ ಗ್ರೂಪಿನಲ್ಲಿ ಬರೋ ಪ್ರೀ ಐಪಿಒ ಆಸೆಗೆ ಹಣ ಕಳಿಸಬೇಡಿ ತಂಗಿ. ಹೊಸ ಕಂಪನಿಗಳಲ್ಲಿ ಪಾಲು ಬೇಕೇ ಬೇಕು ಅಂದರೆ ಅವು ಐಪಿಒಗೆ ಬಂದು, ಪ್ರಾಸ್ಪೆಕ್ಟಸ್‌ನಲ್ಲಿ ನಷ್ಟ ಎಷ್ಟು, ಮೊಕದ್ದಮೆ ಎಷ್ಟು ಅಂತ ಬರೆದ ಮೇಲೆ ಓದಿ ಕೊಳ್ಳಬಹುದು.

ಸ್ಯಾನ್‌ಹೊಸೆ_ಕನ್ನಡಿಗ

ಒಂದು ಸಣ್ಣ ಸೇರ್ಪಡೆ. ಆಪ್ಷನ್ ಕೊಡ್ತಿರೋದು ಭಾರತದ ಕಂಪನಿಯೋ ಅಥವಾ ಅಮೆರಿಕದ ಡೆಲವೇರ್‌ನಲ್ಲಿರೋ ಮಾತೃ ಕಂಪನಿಯೋ ನೋಡಿ. ಎರಡನೆಯದಾದರೆ, ಷೇರು ನಿಮ್ಮ ಹೆಸರಿಗೆ ಬಂದ ಮೇಲೆ ಭಾರತದ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಬೇಕು. ಮಾರದೇ ಇದ್ದರೂ ತೋರಿಸಬೇಕು.

ಜಯನಗರ_4ನೇ_ಬ್ಲಾಕ್

ಬಾಂಡ್ ಬಗ್ಗೆ ಯಾರೂ ಹೇಳಿಲ್ಲ. "ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ" ಅನ್ನೋ ಸಾಲು ಲೆಟರ್‌ನಲ್ಲಿ ಇದ್ದರೆ ಹೆದರಬೇಡಿ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅದು ಕೋರ್ಟಿನಲ್ಲಿ ನಿಲ್ಲೋದಿಲ್ಲ. ಆದರೆ "ಇಷ್ಟು ವರ್ಷ ಇರದಿದ್ದರೆ ಇಷ್ಟು ಹಣ ಕಟ್ಟಬೇಕು" ಅನ್ನೋದು ಬೇರೆ ಮಾತು. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2 ಲಕ್ಷದ ಬಾಂಡ್ ಸರಿ ಅಂತ ಹೇಳಿದೆ. ಎರಡು ಸಾಲುಗಳ ವ್ಯತ್ಯಾಸ ನೋಡಿ ಸಹಿ ಹಾಕಿ. ಜಾಯ್ನಿಂಗ್ ಬೋನಸ್ ವಾಪಸ್ ಕೊಡೋ ಷರತ್ತು ಕೂಡ ಹೀಗೇ ಇರುತ್ತೆ.

ದಾವಣಗೆರೆ_ಹುಡುಗ

ಎಲ್ಲರಿಗೂ ಅಪ್‌ಡೇಟ್. ಫುಲ್ಲಿ ಡೈಲ್ಯೂಟೆಡ್ ಅಂತ ಬರೆದು ಮೇಲ್ ಮಾಡಿದ ಮೇಲೆ ಫೈನಾನ್ಸ್‌ನವರೇ ಫೋನ್ ಮಾಡಿ ಸಂಖ್ಯೆ ಹೇಳಿದರು. ಎಕ್ಸರ್‌ಸೈಸ್ ಅವಧಿ 90 ದಿನವೇ, ಬದಲಾಗಲ್ಲವಂತೆ. ಅದಕ್ಕೆ ಆಪ್ಷನ್ ಕಡಿಮೆ ಮಾಡಿ ಸಂಬಳ ಹೆಚ್ಚಿಸಿ ಅಂತ ಕೇಳಿದೆ, 19.5ಕ್ಕೆ ಒಪ್ಪಿದರು. ಟೀಮ್ ಲೀಡ್ ಜೊತೆ ಮಾತಾಡಿದ್ದು ನಿಜಕ್ಕೂ ಇಷ್ಟ ಆಯ್ತು, ಸೇರ್ತಿದ್ದೀನಿ. ಮೊದಲು ಲೋನ್ ತೀರಿಸಿ, ಆರು ತಿಂಗಳ ಖರ್ಚು ಎಫ್‌ಡಿಯಲ್ಲಿ ಇಡ್ತೀನಿ. ಸೀನಿಯರ್‌ಗೆ ಈ ಮುಂಗಾರು ಮುಗಿಯೋವರೆಗೆ ವೀಕೆಂಡ್ ಕೆಲಸ ಮಾಡಿಕೊಡ್ತೀನಿ ಅಂದೆ, ಅವರಿಗೂ ಖುಷಿಯೇ ಆಯ್ತು.

ಒಂದು ಅನುಮಾನ ಉಳಿದಿದೆ. ನಾನು ಸೇರ್ತಿರೋ ಕಂಪನಿಯ ಪತ್ರಗಳನ್ನ ನೋಡೋಣ ಅಂತ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ವೆಬ್‌ಸೈಟಿಗೆ ಹೋದರೆ ಆ ಹೆಸರಿನ ಕಂಪನಿಯೇ ಸಿಗ್ತಿಲ್ಲ.

ಕರಾವಳಿ_ಲೆಕ್ಕ

ಆ್ಯಪ್ ಹೆಸರಿನಲ್ಲಿ ಹುಡುಕಿರ್ತೀರಿ. ನೋಂದಣಿ ಆದ ಹೆಸರು ಸಾಮಾನ್ಯವಾಗಿ ಬೇರೆ. ಆಫರ್ ಲೆಟರ್‌ನ ಕೆಳಗೆ ಸಣ್ಣಕ್ಷರದಲ್ಲಿ ಸಿಐಎನ್ ಅಂತ 21 ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಯು ಅಕ್ಷರದಿಂದ ಶುರುವಾದರೆ ಪಟ್ಟಿಯಾಗದ ಕಂಪನಿ, ಮಧ್ಯೆ ಕೆಎ ಇದ್ದರೆ ಕರ್ನಾಟಕದಲ್ಲಿ ನೋಂದಣಿ, ಅದರ ಮುಂದಿನ ನಾಲ್ಕು ಅಂಕಿ ಶುರುವಾದ ವರ್ಷ. ಅದನ್ನ ಹಾಕಿ ಹುಡುಕಿ. ಮೂಲ ವಿವರ ಉಚಿತ, 100 ರೂಪಾಯಿ ಕಟ್ಟಿದರೆ ಸಲ್ಲಿಸಿದ ಪತ್ರಗಳನ್ನೆಲ್ಲ ನೋಡಬಹುದು. ಎಒಸಿ-4ರಲ್ಲಿ ಲಾಭ ನಷ್ಟ, ಪಿಎಎಸ್-3ರಲ್ಲಿ ಯಾವಾಗ ಯಾವ ಬೆಲೆಗೆ ಷೇರು ಹಂಚಿದರು ಅನ್ನೋದು ಸಿಗುತ್ತದೆ. ಎಚ್‌ಆರ್ ಹೇಳಿದ 600ನ್ನ ಕೊನೆಯ ಪಿಎಎಸ್-3 ಜೊತೆ ಹೋಲಿಸಿ ನೋಡಿ, ಆ ಬೆಲೆ ಪ್ರಿಫರೆನ್ಸ್ ಷೇರಿನದ್ದಾ ಅಂತ ಅಲ್ಲೇ ಗೊತ್ತಾಗುತ್ತದೆ. ಸೀನಿಯರ್ ಕಂಪನಿಯದ್ದೂ ಹಾಗೇ ತೆಗೆದು ನೋಡಿ. ಅರ್ಥ ಆಗದಿದ್ದರೆ ಯಾವ ಸಾಲು ಅಂತ ಇಲ್ಲೇ ಬರೀರಿ.